ಮಹಡಿ ಹುಡುಗನ ಸಾಲ, ನನ್ನ ಸ್ಪೀಕರಿನಲ್ಲಿ

ಮನೇಲೇ ಬ್ಲೌಸ್ ಹೊಲಿಯೋಳು ನಾನು. ಮೆಷಿನ್ ತುಳಿಯುವಾಗ ಹಾಡಿಲ್ಲದಿದ್ದರೆ ಕೈ ಓಡಲ್ಲ. ಹಳೇ ಸ್ಪೀಕರಿನ ವೈರಿಗೆ ಬಟ್ಟೆ ಸಿಕ್ಕಿ ಅದು ಎರಡು ಸಲ ನೆಲ ಕಂಡ ಮೇಲೆ, ಮಂಡ್ಯದ ನೂರಡಿ ರಸ್ತೆಯ ಅಂಗಡಿಯೊಂದರಲ್ಲಿ 1,650 ರೂಪಾಯಿ ಕೊಟ್ಟು ಈ ಬ್ಲೂಟೂತ್ ಸ್ಪೀಕರ್ ತಂದೆ. ನಾಲ್ಕು ತಿಂಗಳಾಯ್ತು.

ದನಿ ಚೆನ್ನಾಗಿದೆ. ಮೆಷಿನ್ನಿನ ಕಟಕಟದ ನಡುವೆಯೂ ಭಾವಗೀತೆಯ ಒಂದೊಂದು ಪದವೂ ಕೇಳುತ್ತೆ. ಡಬ್ಬದ ಮೇಲೆ ಹತ್ತು ಗಂಟೆ ಚಾರ್ಜ್ ಅಂತಿದೆ, ನಾನಿಡೋ ಸೌಂಡಿಗೆ ಆರೂವರೆ ಗಂಟೆ ಬಂದರೆ ಹೆಚ್ಚು. ಇರಲಿ.

ಹತ್ತು ಮೀಟರ್ ದೂರ ಅನ್ನೋ ಮಾತು ಮಾತ್ರ ಬಯಲಿಗೆ ಹೇಳಿದ್ದು. ನಮ್ಮ ಹಾಲಿನಿಂದ ಅಡುಗೆಮನೆಗೆ ಏಳು ಹೆಜ್ಜೆ. ನಡುವೆ ಗೋಡೆ, ಕಬ್ಬಿಣದ ಬೀರು. ಅಷ್ಟಕ್ಕೇ ಹಾಡು ತೊದಲುತ್ತೆ. ಫೋನನ್ನು ಸೊಂಟದ ಮುಂದೆ ಸಿಕ್ಕಿಸಿಕೊಂಡು ಸ್ಪೀಕರಿಗೆ ಬೆನ್ನು ಹಾಕಿ ನಿಂತರೂ ಅದೇ ಕಥೆ. ಪಿಇಎಸ್ ಕಾಲೇಜಲ್ಲಿ ಓದೋ ತಂಗಿ ಮಗ ನಕ್ಕ. "ದೊಡ್ಡಮ್ಮ, ಈ ಬ್ಲೂಟೂತ್ ಅನ್ನೋದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆ. ಮೈಯಲ್ಲಿ ನೀರೇ ಜಾಸ್ತಿ ಅಲ್ವಾ, ನೀನೇ ಹೀರ್ಕೊಂಡ್ಬಿಡ್ತೀಯ." ಮೈಕ್ರೋವೇವ್ ಓವನ್ ಅಲೆ, ವೈಫೈ ಅಲೆಗಳೂ ಅದೇ ಬೀದಿಯವಂತೆ. ಸಾರು ಬಿಸಿಗಿಟ್ಟಾಗ ಹಾಡು ಯಾಕೆ ಮುಕ್ಕಾಗುತ್ತೆ ಅಂತ ಅವತ್ತು ಗೊತ್ತಾಯ್ತು. ಆದರೂ ಹಾಡು ಪೂರ್ತಿ ನಿಲ್ಲಲ್ಲ. ಬ್ಲೂಟೂತ್ ತನ್ನ ಓಡಾಟದ ದಾರಿಗಳಾದ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಜಾಗ ಬದಲಿಸ್ತಾ, ಸಂತೆ ಗದ್ದಲದಲ್ಲಿ ನುಸುಳೋರ ಹಾಗೆ ಹೋಗುತ್ತಂತೆ.

ನನ್ನ ತಕರಾರು ಇರೋದು ಬೇರೆ ಕಡೆ. ಶುಕ್ರವಾರ ಸಂಜೆ ಸೀರೆಗೆ ಕುಚ್ಚು ಹಾಕಿಸೋಕೆ ಇಬ್ಬರು ಕೂತಿದ್ರು. ನನ್ನ ಫೋನಿನ ಚಾರ್ಜ್ ಮುಗಿದು ಹಾಡು ನಿಂತಿತ್ತು, ಸ್ಪೀಕರ್ ಆಫ್ ಮಾಡಿರಲಿಲ್ಲ. ಇದ್ದಕ್ಕಿದ್ದಂತೆ ಸ್ಪೀಕರ್ 'ಟುಡುಂಗ್' ಅಂತು. ಆಮೇಲೆ ಒಬ್ಬ ಗಂಡಸಿನ ದನಿ: "ಎರಡು ತಿಂಗಳ ಇಎಂಐ ಬಾಕಿ ಇದೆ ಸಾರ್, ಯಾವತ್ತು ಕಟ್ತೀರಾ?" ಮೆಟ್ಟಿಲ ಮೇಲೆ ನಮ್ಮ ಮಹಡಿಯ ಬಾಡಿಗೆ ಹುಡುಗ ಕಿವಿಗೆ ಫೋನ್ ಒತ್ತಿಕೊಂಡು "ಹಲೋ, ಹಲೋ" ಅಂತಿದ್ದಾನೆ, ಪಾಪ. ಹಿಂದಿನ ದಿನ ತನ್ನ ಇಯರ್‌ಬಡ್ ಅಂದ್ಕೊಂಡು ನನ್ನ ಸ್ಪೀಕರ್ ಹೆಸರು ಒತ್ತಿದ್ನಂತೆ. ಅವನ ಫೋನು ಅದನ್ನ ನೆನಪಿಟ್ಟುಕೊಂಡಿತ್ತು.

ನನ್ನ ಫೋನ್ ಬಿಟ್ಟ ಕೂಡಲೇ ಈ ಸ್ಪೀಕರ್ ಯಾರಾದ್ರೂ ಬನ್ನಿ ಅಂತ ಬಾಗಿಲು ತೆಗೆದು ಕೂರುತ್ತೆ. ಪಿನ್ನು ಇಲ್ಲ, ಕೇಳೋದು ಇಲ್ಲ. ಜೊತೆಗೆ ಬಂದ ಪುಸ್ತಕದಲ್ಲಿ ಇರುವೆ ಅಕ್ಷರದ ಇಂಗ್ಲಿಷು, ಕನ್ನಡ ಒಂದು ಸಾಲಿಲ್ಲ. ಅಂಗಡಿಯವನನ್ನ ಕೇಳಿದ್ರೆ "ಎಲ್ಲಾ ಹಂಗೇ ಅಕ್ಕ" ಅಂದ. ತಂಗಿ ಮಗನೇ ಬಂದು ಹುಡುಗನ ಫೋನಲ್ಲಿ ಅದರ ಹೆಸರು ಅಳಿಸಿ, ಸ್ಪೀಕರಿನ ಬಟನ್ ಹತ್ತು ಸೆಕೆಂಡು ಒತ್ತಿ ಹಳೇದೆಲ್ಲ ಮರೆಸಿದ. ಹಾಗೇ ನನ್ನ ಫೋನಿನ ಪಟ್ಟಿಯಲ್ಲಿದ್ದ ಯಾರದೋ ಕಾರಿನ ಹೆಸರನ್ನೂ ತೆಗೆದು, ಬಸ್‌ಸ್ಟ್ಯಾಂಡಲ್ಲಿ ಗೊತ್ತಿಲ್ಲದ ಹೆಸರಿಂದ 'ಪೇರ್ ಆಗ್ಲಾ' ಅಂತ ಬಂದ್ರೆ ಬೇಡ ಅನ್ನು ಅಂತ ಹೇಳಿಕೊಟ್ಟ.

ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ಮೂರೂ ದನಿಗೆ. ಒಂಟಿ ಮನೆಯವರು ಧಾರಾಳವಾಗಿ ತಗೊಳ್ಳಿ. ವಠಾರದವರಾದ್ರೆ ಕೆಲಸ ಮುಗಿದ ತಕ್ಷಣ ಸ್ವಿಚ್ ಆಫ್ ಮಾಡೋ ಅಭ್ಯಾಸ ಇದ್ರೆ ಮಾತ್ರ.

ಹುಡುಗ ಈಗಲೂ ಫೋನ್ ಬಂದ್ರೆ ಮೆಟ್ಟಿಲ ಮೇಲೇ ನಿಂತು ಕೂಗ್ತಾನೆ: "ಆಂಟೀ, ಸ್ಪೀಕರ್ ಆಫ್ ಇದೆ ತಾನೇ?"