9ನೇ ತಾರೀಖಿನ ಬಸುರಿ ಚೆಕಪ್, ನಮ್ ತಾಲೂಕ ಆಸ್ಪತ್ರಿ: 5ಕ್ಕ 3 ಸ್ಟಾರ್

ಬಾಗಲಕೋಟೆ ಜಿಲ್ಲಾದಾಗಿನ ಒಂದ್ ತಾಲೂಕ ಆಸ್ಪತ್ರಿ, ಹೆಸರ ಬರಿಯಂಗಿಲ್ಲ, ಪಾಪ ಸಿಸ್ಟರ್ ಮ್ಯಾಲ ಬರೂದ ಬ್ಯಾಡ. ನಮ್ ವೈನಿಗೆ ಏಳನೇ ತಿಂಗಳ, ಎರಡನೇ ಬಸುರಿ. ಪ್ರತಿ ತಿಂಗಳ 9ಕ್ಕ ಪುಕ್ಕಟ ನೋಡ್ತಾರಲ್ಲ, 2016ರಿಂದ ನಡದೈತಿ, ಅದಕ್ಕ ಹೋಗಿದ್ವಿ.

ಡಾಕ್ಟರ್ ಮೇಡಂ ಭಾಳ ಚಲೋ ರೀ. ವೈನಿ ಹಿಮೋಗ್ಲೋಬಿನ್ 9 ಬಂತು, 11 ಇರಬೇಕಂತ. "ಗುಳಿಗಿ ತಗೋತಿ ಏನವಾ, ಖರೇ ಹೇಳು" ಅಂದ್ರ ವೈನಿ ನೆಲಾ ನೋಡಾಕತ್ಲು, ಸಂಡಾಸ ಕರ್ರಗ ಆಗತೈತಿ ಅಂತ ಅಂಜಿ ಬಿಟ್ಟಬಿಟ್ಟಿದ್ಲಂತ! ಮೇಡಂ ಬೈಲಿಲ್ಲ, ಕಬ್ಬಿಣದ ಗುಳಿಗಿ ನುಂಗಿದ್ರ ಹಂಗ ಆಗೂದ, ಚಾ ಜೋಡಿ ಮಾತ್ರ ತಗೋಬ್ಯಾಡ ಅಂತ ತಿಳಿಸಿ ಹೇಳಿದ್ರು. ರೊಕ್ಕ ಅಂತೂ ಒಂದ್ ಪೈಸಾ ಇಲ್ಲ.

ಇನ್ನ ಸ್ಟಾರ್ ಯಾಕ ಕಡಿಮಿ ಅಂದ್ರ, ತಪಾಸ ಮಾಡೂ ಟೇಬಲ್ಲಿನ ಪರದಿ ಅರ್ಧಾ ಹರದೈತಿ, ಸಾಲಿನ್ಯಾಗ ನಿಂತವ್ರಿಗೆಲ್ಲಾ ಕಾಣಸ್ತೈತಿ, ನಾನ ನನ್ ಸೀರಿ ಪಿನ್ ಬಿಚ್ಚಿ ಹಚ್ಚಿ ಬಂದೆ. ಸಂಡಾಸಕ್ಕ ಚಿಲಕಾ ಇಲ್ಲ, ಒಳಗ ವೈನಿ, ಹೊರಗ ನಾ ಬಾಗಲಾ ಹಿಡಕೊಂಡ. ಪೂರಾ ಹೆಣ್ಮಕ್ಕಳ ಸಲುವಾಗೇ ಇಟ್ಟ ದಿನಾ ಇದು, ನೆನಪಿರ್ಲಿ.

ಆಮ್ಯಾಲ ಸಿಸ್ಟರ್ ಎಲ್ಲಾರ ಮುಂದ ಜೋರಾಗಿ, "ಇದಾದ್ ಮ್ಯಾಲ ಮಕ್ಕಳ ಸಾಕಂತ ಆಪರೇಶನ್ ಮಾಡಸ್ತಿ ಏನವಾ?" ಅಣ್ಣಾ ಅಲ್ಲೇ ಗೇಟಿನ ಹತ್ರ ಮೊಬೈಲ್ ನೋಡ್ಕೋತ ನಿಂತಾನ, ಅಂವನ್ನ ಯಾರೂ ಕೇಳಲಿಲ್ಲ, ತಾಯಿ ಕಾರ್ಡಿನ್ಯಾಗ ಗಂಡನ ಹೆಸರು ಅಂತ ಬರದ್ರು, ಮುಗೀತ ಅಂವನ ಕೆಲಸ. ನಾ ಎಂಎದಾಗ ಹೆಣ್ಮಕ್ಕಳು ಮತ್ತ ಸರ್ಕಾರಿ ಆರೋಗ್ಯ ವ್ಯವಸ್ಥಾ ಅಂತ ಓದಿದ್ದೆ, ಪರೀಕ್ಷಾ ಬರದ ಮರತಿದ್ದೆ, ಅವತ್ತ ಸಾಲಿನ್ಯಾಗ ನಿಂತಾಗ ಎಲ್ಲಾ ನೆನಪಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾದಾಗ ದೇಶದ ಲೆಕ್ಕಾ ಹಿಂಗೈತಿ: ಲಗ್ನಾದ ಜೋಡಿಗಳೊಳಗ ಹೆಂಗಸರ ಆಪರೇಶನ್ ಆದವ್ರು ಶೇ. 37.9, ಗಂಡಸರದ ಆದವ್ರು 0.3. ಗಂಡಸರದಕ್ಕ ಹೊಲಿಗಿ ಬ್ಯಾಡ, ಅವತ್ತ ಮನಿಗೆ ಬರಬಹುದು, ಆದ್ರೂ!

ತಡೀಲಾರದ ಕೇಳೇಬಿಟ್ಟೆ, "ಗಂಡಸರದ ಆಪರೇಶನ್ ಇಲ್ಲೇನ್ರಿ ಸಿಸ್ಟರ್?" ಇಡೀ ಸಾಲ ನಕ್ಕತು. "ಐತ್ರಿ ಅಕ್ಕಾರ, ಬರಾವ್ರ ಯಾರು?" ಅಂದ್ರು ಅವ್ರು. ಬರೂ ಮುಂದ ಗಾಡಿ ಮ್ಯಾಲ ಅಣ್ಣಗ ಹೇಳಿದ್ರ, "ಏ ಹುಚ್ಚಿ, ಅದಾದ್ರ ಭಾರ ಎತ್ತಾಕ ಆಗಂಗಿಲ್ಲ" ಅಂದ. ಮನಿಗೆ ಬಂದ ಅರ್ಧಾ ತಾಸಿಗೆ ನಳಾ ಬಂತು, ಏಳ ತಿಂಗಳ ಹೊಟ್ಟಿ ಹೊತ್ಕೊಂಡ ವೈನಿ ಕೊಡಾ ಎತ್ತಾಕತ್ಲು.