ಪಾರಿವಾಳ ಓಡಿಸೋ ಶಬ್ದದ ಡಬ್ಬಿ: 14 ತಿಂಗಳು ಬಳಸಿದ ಮೇಲೆ

ನಾನು ಮನೇಲೇ ಬ್ಲೌಸ್ ಹೊಲಿಯೋಳು, ಸೀರೆಗೆ ಕುಚ್ಚು ಕಟ್ಟೋಳು. ಯಾವ ಸಾಮಾನಿನ ಬೆಲೆ ನೋಡಿದರೂ ಮೊದಲು ಬ್ಲೌಸ್ ಲೆಕ್ಕ ಹಾಕೋದು ಅಭ್ಯಾಸ. ಒಂದು ಬ್ಲೌಸ್ ಹೊಲಿಗೆ 350. ಈ ಡಬ್ಬಿ 2,100 ರೂಪಾಯಿ, ಅಂದರೆ ಆರು ಬ್ಲೌಸ್. ಸೋಲಾರ್ ಇದೆ, ಸ್ವರ ಏರಿಸಿ ಇಳಿಸೋ ನಾಬ್ ಇದೆ, ಮಿಣುಕೋ ನೀಲಿ ದೀಪ ಇದೆ. ಮನುಷ್ಯರಿಗೆ ಕೇಳಿಸದಷ್ಟು ಏರುಸ್ವರದ ಶಬ್ದ ಬಿಟ್ಟು ಪಾರಿವಾಳ ಓಡಿಸುತ್ತೆ ಅನ್ನೋದು ಜಾಹೀರಾತಿನ ಮಾತು.

ನಮ್ಮದು ಹಾಸನ, ಸಾಲಗಾಮೆ ರಸ್ತೆಯಿಂದ ಒಳಗೆ ಮೊದಲ ಮಹಡಿಯ ಬಾಡಿಗೆ ಮನೆ. ಪೂರ್ವಕ್ಕೆ ಒಂದು ಬಾಲ್ಕನಿ. ಬೆಳಗ್ಗೆ ಆರೂವರೆಗೆ ಕಾಫಿ ಲೋಟ ಕಿಟಕಿ ಕಟ್ಟೆ ಮೇಲೆ ಇಟ್ಟು, ಸೀರೆ ಸೆರಗನ್ನ ಗ್ರಿಲ್‌ಗೆ ಕ್ಲಿಪ್ ಹಾಕಿ ಇಳಿಬಿಟ್ಟು, ರೇಷ್ಮೆ ದಾರದ ಎಳೆ ಎಣಿಸಿ ಗಂಟು ಹಾಕೋಕೆ ಕೂತರೆ ಎಂಟರ ತನಕ ಏಳಲ್ಲ. ಈ ಕೆಲಸ ಒಳಗೆ ಆಗಲ್ಲ. ಟ್ಯೂಬ್‌ಲೈಟಲ್ಲಿ ರಾಮಾ ಗ್ರೀನೂ ಆನಂದ ನೀಲಿಯೂ ಒಂದೇ ಥರ ಕಾಣುತ್ತೆ. ಬಿಸಿಲು ಬಿದ್ದರೇನೇ ದಾರದ ಬಣ್ಣ ನಿಜ ಹೇಳೋದು. ಆ ಒಂದೂವರೆ ಗಂಟೆ ಯಾರೂ ನನ್ನ ಕೂಗಬಾರದು.

ಆದರೆ ಸಜ್ಜಾ ಮೇಲೆ ಕೂತು ಗುಟರ್ ಗುಟರ್ ಅನ್ನೋರಿಗೆ ಇದನ್ನ ಹೇಳೋರ್ಯಾರು? ಒಂದು ದಿನ ಮೇಲಿಂದ ಪಿಚಕ್ ಅಂತ ಬಿತ್ತು, ಅದೂ ಯಾರದೋ ಮನೆಯ ಧಾರೆ ಸೀರೆ ಮೇಲೆ. ಒದ್ದೆ ಬಟ್ಟೆಯಲ್ಲಿ ಒತ್ತಿದೆ, ಡ್ರೈ ಕ್ಲೀನ್‌ಗೂ ಕೊಟ್ಟೆ. ಹಿಕ್ಕೆಯ ಬಿಳೀ ಭಾಗ ಇದೆಯಲ್ಲ, ಅದು ಯೂರಿಕ್ ಆಮ್ಲ. ಬಣ್ಣವನ್ನೇ ತಿಂದಿತ್ತು. ಸೀರೆಯವರು ದೊಡ್ಡ ಮನಸ್ಸು ಮಾಡಿದರು, ನಾನು ಕುಚ್ಚಿನ ದುಡ್ಡು ಬಿಟ್ಟೆ. ಅವತ್ತು ರಾತ್ರೀನೇ ಈ ಡಬ್ಬಿ ಆರ್ಡರ್ ಮಾಡಿದ್ದು.

ಡಬ್ಬಿ ಬಂದಾಗ ಹಾಸನಾಂಬೆ ಬಾಗಿಲು ತೆಗೆದಿತ್ತು. ವರ್ಷಕ್ಕೊಮ್ಮೆ ಕೆಲವೇ ದಿನ ದರ್ಶನ. ಊರೆಲ್ಲ ಜಾತ್ರೆ, ನನಗೆ ದೀಪಾವಳಿ ಬ್ಲೌಸುಗಳ ರಾಶಿ. ಎಲೆಕ್ಟ್ರಿಷಿಯನ್ ಹುಡುಗ ಸಜ್ಜಾ ಮೇಲಿನ ಕಸಕಡ್ಡಿ ಎಲ್ಲ ಗುಡಿಸಿ, ಗೋಡೆ ಕೊರೆದು, ಕ್ಲಾಂಪ್ ಹಾಕಿ ಕೂರಿಸಿ ಹೋದ. ಮಾರನೇ ದಿನ ಒಂದು ಹಕ್ಕಿಯಿಲ್ಲ. ಅದರ ಮಾರನೇ ದಿನವೂ ಇಲ್ಲ. ಹತ್ತು ದಿನ ಬಾಲ್ಕನಿ ನನ್ನದಾಗಿತ್ತು. ಖುಷಿ ತಡೀಲಾರದೆ ಐದಕ್ಕೆ ಐದು ನಕ್ಷತ್ರ ಕೊಟ್ಟು ಎರಡು ಸಾಲು ಬರೆದೂಬಿಟ್ಟೆ. ಅದನ್ನ ನೋಡಿ ಯಾರಾದರೂ ಕೊಂಡಿದ್ದರೆ ಕ್ಷಮಿಸಿ. ಆ ಹತ್ತು ದಿನ ಬೀದಿಯಲ್ಲಿ ಢಮಾರ್ ಅಂದಿದ್ದು ಪಟಾಕಿ, ಹೆಸರು ಬಂದಿದ್ದು ಡಬ್ಬಿಗೆ.

ತುಳಸಿ ಹಬ್ಬ ಕಳೆದು ಬೀದಿ ತಣ್ಣಗಾದ ಮೇಲೆ ಮೊದಲು ಎರಡು ಬಂದವು, ಆಮೇಲೆ ಏಳು. ನಾಬ್ ತಿರುಗಿಸಿದೆ. ಡಬ್ಬಿಯನ್ನ ಆ ಮೂಲೆಯಿಂದ ಈ ಮೂಲೆಗೆ ಹಾಕಿಸಿದೆ. ಏನೂ ಆಗಲಿಲ್ಲ. ಆದರೆ ಅದೇ ಹೊತ್ತಿಗೆ ಬೇರೆ ಎರಡು ವಿಷಯ ನಡೆದವು, ನಾನೇ ತಲೆಗೆ ಹಾಕಿಕೊಳ್ಳಲಿಲ್ಲ. ಒಂದು, ಕೆಳಗೆ ಮೆಟ್ಟಿಲ ಹತ್ತಿರ ಗೋಣಿಚೀಲದ ಮೇಲೆ ಮಲಗ್ತಿದ್ದ ಬೀದಿ ನಾಯಿ ಕರಿಯ ಮೂರನೇ ಮನೆ ಗೇಟಿಗೆ ವಾಸ ಬದಲಾಯಿಸಿದ. ಎರಡು, ಅಳತೆ ಕೊಡೋಕೆ ಬಂದ ಒಬ್ಬರ ಐದು ವರ್ಷದ ಮಗು ಬಾಲ್ಕನಿ ಬಾಗಿಲ ಹತ್ತಿರ ಹೋಗಿದ್ದೇ ಎರಡೂ ಕಿವಿ ಮುಚ್ಚಿಕೊಂಡು "ಕುಂಯ್ ಅಂತಿದೆ" ಅಂತ ಅಳೋಕೆ ಶುರುಮಾಡಿತು. ತುಂಟತನ ಅಂದುಕೊಂಡು ಕೈಗೊಂದು ಬಿಸ್ಕತ್ತು ಕೊಟ್ಟು ಸುಮ್ಮನಿದ್ದೆ.

ಕ್ರಿಸ್‌ಮಸ್ ರಜೆಗೆ ಮೈಸೂರಿನ ಹಾಸ್ಟೆಲಿಂದ ಮಗಳು ಬಂದಳು. ಬಿಎಸ್ಸಿ ಎರಡನೇ ವರ್ಷ, ಹತ್ತೊಂಬತ್ತು. ಬ್ಯಾಗ್ ಇಡೋ ಮುಂಚೆ, "ಅಮ್ಮ, ಇದೇನೇ ಇದು ಸೂಜಿ ಚುಚ್ಚಿದ ಹಾಗೆ ಶಬ್ದ?" ಅಂದಳು.

"ಯಾವ ಶಬ್ದ?"

"ನಿಂಗೆ ಕೇಳ್ತಿಲ್ವಾ?"

ಇಲ್ಲ. ನನಗೆ ನಲವತ್ತೇಳು. ವಯಸ್ಸಾದ ಹಾಗೆ ಕಿವಿಯಲ್ಲಿ ಮೊದಲು ಹೋಗೋದು ಈ ತೆಳ್ಳನೆ ಏರುಸ್ವರಗಳೇ ಅಂತೆ. ರಾತ್ರಿ ಊಟಕ್ಕೆ ಕೂತಾಗ ಅವಳು ಪೂರ್ತಿ ಬಿಡಿಸಿ ಹೇಳಿದಳು. ಮನುಷ್ಯರ ಎಳೇ ಕಿವಿಗೆ ಸುಮಾರು 20 ಸಾವಿರ ಹರ್ಟ್ಜ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ತನಕ ಕೇಳುತ್ತೆ, ನಾಯಿಗೆ 40 ಸಾವಿರ ದಾಟಿದರೂ ಕೇಳುತ್ತೆ. ಪಾರಿವಾಳದ ಕಿವಿ ಮಾತ್ರ 10 ಸಾವಿರದ ಆಸುಪಾಸಿನಲ್ಲೇ ನಿಂತುಹೋಗುತ್ತೆ. ಅದರ ಶಕ್ತಿ ಇರೋದು ಇನ್ನೊಂದು ತುದಿಯಲ್ಲಿ: ನಮಗೆ ಯಾರಿಗೂ ಕೇಳಿಸದಷ್ಟು ಕೆಳಗಿನ ಸ್ವರ ಅದಕ್ಕೆ ಕೇಳಿಸುತ್ತೆ. ಅಂದರೆ ನಾನು ಆರು ಬ್ಲೌಸ್ ಹೊಲಿದು ಕೊಂಡ ಡಬ್ಬಿ ಕರಿಯನನ್ನ ಓಡಿಸಿತ್ತು, ಯಾರದೋ ಮಗುವನ್ನ ಅಳಿಸಿತ್ತು, ನನ್ನ ಮಗಳ ತಲೆ ನೋಯಿಸ್ತಿತ್ತು. ಏನೂ ಕೇಳಿಸದೆ ಇದ್ದವರು ಇಬ್ಬರೇ, ನಾನು ಮತ್ತು ಪಾರಿವಾಳ.

ಅಷ್ಟು ಗೊತ್ತಾದ ಮೇಲೂ ತೆಗೆಯಲಿಲ್ಲ, ನಿಜ ಹೇಳ್ತೀನಿ. ದುಡ್ಡು ಕೊಟ್ಟಿದ್ದೀನಲ್ಲ. ಮಗುವಿಗೆ ಕೇಳಿಸದಿರಲಿ ಅಂತ ನಾಬನ್ನ ಇನ್ನೂ ಮೇಲಕ್ಕೆ ತಿರುಗಿಸಿದೆ, ಆಮೇಲೆ ಮಗಳಿಗೂ ಸಣ್ಣಗಷ್ಟೇ ಕೇಳ್ತಿತ್ತು. ಪ್ರತಿ ಸಲ ಅವಳು ಊರಿಗೆ ಬಂದಾಗ ಚಪ್ಪಲಿ ಬಿಡೋಕೆ ಮುಂಚೆ ಬಾಲ್ಕನಿಯಲ್ಲಿ ನಿಲ್ಲಿಸಿ "ಕೇಳ್ತಾ?" ಅಂತ ಕೇಳೋದು ನಮ್ಮ ಮನೆ ಶಾಸ್ತ್ರ ಆಯ್ತು. ಅವಳು ಕಣ್ಣು ಮುಚ್ಚಿ, ಒಂದು ಕಡೆ ತಲೆ ವಾಲಿಸಿ, "ಹೂಂ, ಬದುಕಿದೆ" ಅನ್ನೋಳು. ಜುಲೈಯಲ್ಲಿ ಬಂದವಳು ಹಾಗೇ ನಿಂತು "ಸತ್ತಿದೆ" ಅಂದಳು. ಮೇಲೆ ಹತ್ತಿ ನೋಡಿದರೆ ಸೋಲಾರ್ ಫಲಕದ ತುಂಬ ಹಿಕ್ಕೆ, ಮೇಲಿಂದ ಎರಡು ವಾರದ ಮೋಡ. ಯಾವಾಗ ನಿಂತಿತ್ತೋ ದೇವರೇ ಬಲ್ಲ. ಒರೆಸಿದ ಮೇಲೆ ಮತ್ತೆ ನಡೀತು. ನನ್ನ ದೊಡ್ಡ ದೂರು ಇದೇ. ಮಿಕ್ಸಿ ಕೆಟ್ಟರೆ ತಿಳಿಯುತ್ತೆ, ಹೊಲಿಗೆ ಮೆಷಿನ್ ಹಲ್ಲು ತಪ್ಪಿದರೆ ಕಾಲಿಗೇ ಗೊತ್ತಾಗುತ್ತೆ. ಇದು ನಡೀತಿದೆಯಾ ಇಲ್ಲವಾ ಅಂತ ತಿಳಿಯೋಕೆ ಮೈಸೂರಿಂದ ಮಗಳು ಬಸ್ಸು ಹತ್ತಿ ಬರಬೇಕು.

ನಡುವೆ ಇನ್ನೊಂದು ಡಬ್ಬಿಯನ್ನೂ ತಂದೆ, ನಾಲ್ಕು ಬ್ಲೌಸಿಂದು. ಇದು ಕಿವಿಗೆ ಕೇಳಿಸೋ ಜಾತಿ, ಗಿಡುಗನ ಕೂಗು. ಕಾಲು ಗಂಟೆಗೊಮ್ಮೆ ಕೀಂ ಅನ್ನುತ್ತೆ. ಮೊದಲ ದಿನ ಪಾರಿವಾಳ ಪಟಪಟ ಎದ್ದು ಹೋದವು. ಗಿಡುಗನನ್ನ ಅಟ್ಟೋಕೆ ಅಂತ ಬೀದಿ ಕಾಗೆಗಳೆಲ್ಲ ಬಂದು ತಂತಿ ಮೇಲೆ ಕೂತು ರಂಪ ಮಾಡಿದವು. ಕೆಳಗಿನ ಮನೆ ಅಜ್ಜಿ ಮೆಟ್ಟಿಲ ಹತ್ತಿರ ನಿಂತು "ಯಾರ ಮಗೂನಮ್ಮಾ ಅದು, ಬೆಳಗಿಂದ ಹಂಗೆ ಕಿರುಚ್ತೈತೆ?" ಅಂದರು. ಎಂಟನೇ ದಿನಕ್ಕೆ ಪಾರಿವಾಳಕ್ಕೆ ಲೆಕ್ಕ ಸಿಕ್ಕಿತ್ತು: ಕೂಗೋದೇ ಹೊರತು ಇದು ಹಾರಲ್ಲ. ಆಮೇಲೆ ಕೀಂ ಅಂದರೆ ಕತ್ತು ಕೂಡ ಎತ್ತುತ್ತಿರಲಿಲ್ಲ.

ಇದನ್ನೂ ಬೈದು ಮುಗಿಸೋಣ ಅಂದುಕೊಂಡಿದ್ದೆ. ಸಂಡಿಗೆ ಕಾಲ ಬಂತು, ಮನಸ್ಸು ಬದಲಾಯ್ತು. ಮಾರ್ಚ್ ಕೊನೆಯಲ್ಲಿ ನಸುಕಿಗೇ ಅಕ್ಕಿ ಹಿಟ್ಟು ಕಾಯಿಸಿ, ತಾರಸಿ ಮೇಲೆ ಹಳೇ ಪಂಚೆ ಹಾಸಿ, ಬಿಸಿ ಇರೋವಾಗಲೇ ಒರಳಲ್ಲಿ ಒತ್ತಿ ಮುಗಿಸೋ ಹೊತ್ತಿಗೆ ಸೊಂಟ ಹೋಗಿರುತ್ತೆ. ಚಿಕ್ಕವರಿದ್ದಾಗ ಕೋಲು ಹಿಡಿದು ಕಾಯೋ ಕೆಲಸ ನನ್ನದು, ನಿದ್ದೆ ತೂಗಿದರೆ ಅಮ್ಮನ ಬೈಗುಳ. ಎರಡು ತಿಂಗಳಿಂದ ಕಪಾಟಿನಲ್ಲಿದ್ದ ಗಿಡುಗನ ಡಬ್ಬಿಯನ್ನ ತಾರಸಿಗೆ ಒಯ್ದು ಪಂಚೆ ಪಕ್ಕ ಇಟ್ಟೆ. ಹನ್ನೊಂದರಿಂದ ಮೂರು ಗಂಟೆ ತನಕ ಒಂದು ಹಕ್ಕಿ ಇಳಿಯಲಿಲ್ಲ. ಮಾರನೇ ದಿನ ಜಾಗ ಬದಲಿಸಿ ಇಟ್ಟೆ, ಆಗಲೂ ಅಷ್ಟೇ. ಮೂರು ದಿನದಲ್ಲಿ ಸಂಡಿಗೆ ಒಣಗಿ ಡಬ್ಬ ಸೇರಿತು, ಗಿಡುಗ ವಾಪಸ್ ಕಪಾಟು ಸೇರಿದ. ದಿನವೂ ಕೂಗಿಸಿದರೆ ಕೆಲಸಕ್ಕೆ ಬರಲ್ಲ, ಅಪರೂಪಕ್ಕೆ ಕೂಗಿಸಿದರೆ ಬರುತ್ತೆ. ಇದಕ್ಕೆ ಐದರಲ್ಲಿ ಮೂರು ನಕ್ಷತ್ರ ಧಾರಾಳವಾಗಿ ಕೊಡ್ತೀನಿ. ಮೊದಲನೇ ಡಬ್ಬಿಗೆ ಒಂದು, ಅದೂ ಕ್ಲಾಂಪ್ ಗಟ್ಟಿಯಾಗಿದೆ ಅಂತ.

ಕೊನೆಗೆ ಮಾಡಿಸಿದ್ದು ಬಲೆ. ಎರಡಿಂಚು ಕಣ್ಣಿನ ನೈಲಾನ್ ಬಲೆ, ಕೂಲಿ ಸೇರಿ 3,150, ಸರಿಯಾಗಿ ಒಂಬತ್ತು ಬ್ಲೌಸ್. ಮನೆ ಓನರ್ ಗೋಡೆಗೆ ಇನ್ನೂ ತೂತು ಬೇಡ ಅಂತ ಸ್ವಲ್ಪ ಗೊಣಗಿದರು, ಆಮೇಲೆ ಒಪ್ಪಿದರು. ಬಲೆಯವನು ಸೆಪ್ಟೆಂಬರಿನಲ್ಲೇ ಬಂದಿದ್ದ. ಸಜ್ಜಾ ಇಣುಕಿ ನೋಡಿ "ಅಕ್ಕಾ, ಮೊಟ್ಟೆ ಐತೆ" ಅಂದ. ಡಬ್ಬಿಯಿಂದ ಒಂದು ಮೊಳ ದೂರದಲ್ಲಿ ನಾಲ್ಕು ಕಡ್ಡಿ, ನನ್ನ ಕುಚ್ಚಿನದೇ ಒಂದು ಕೆಂಪು ದಾರ, ಎರಡು ಬಿಳಿ ಮೊಟ್ಟೆ. ಅವನನ್ನ ವಾಪಸ್ ಕಳಿಸಿದೆ. ಮೊಟ್ಟೆ ಒಡೆಯೋಕೆ ಹದಿನೆಂಟು ದಿನ, ಮರಿ ಹಾರೋಕೆ ಮೇಲೊಂದು ತಿಂಗಳು. ದಿನಾ ಬೆಳಗ್ಗೆ ಹತ್ತರ ಸುಮಾರಿಗೆ ಗಂಡು ಬಂದು ಪಕ್ಕದಲ್ಲಿ ನಿಲ್ಲೋದು, ಹೆಣ್ಣು ಎದ್ದು ಹೋಗೋದು. ಸಂಜೆ ಮತ್ತೆ ಅದಲು ಬದಲು. ನೀಲಿ ದೀಪ ಅವುಗಳ ಪಕ್ಕದಲ್ಲೇ ಮಿಣುಕ್ತಾ ಇತ್ತು. ನಾನು ಕುಚ್ಚಿನ ಕೆಲಸವನ್ನ ಒಳಗಿನ ಕಿಟಕಿಗೆ ಸಾಗಿಸಿ, ಬಣ್ಣ ಗೊತ್ತಾಗದೆ ಒದ್ದಾಡಿದೆ.

ಮರಿ ಹಾರಿದ ವಾರಕ್ಕೆ ಬಲೆ ಬಿತ್ತು. ಹಳೇ ಚಾಳಿ, ಡಬ್ಬಿಯನ್ನ ಮಾತ್ರ ಹಾಗೇ ಬಿಟ್ಟಿದ್ದೆ. ಮೊನ್ನೆ ಮಗಳು ಬರೋ ಹಿಂದಿನ ದಿನ ಫೋನ್ ಮಾಡಿ, "ಅಮ್ಮ, ಬಲೆ ಹಾಕಿಸಿದ್ದೀಯಲ್ಲ, ಇನ್ನಾದರೂ ಅದನ್ನ ಆಫ್ ಮಾಡೇ" ಅಂದಳು. ಸ್ಟೂಲ್ ಹತ್ತಿ ಬಲೆಯ ಸಂದಿಯಿಂದ ಕೈ ಹಾಕಿ ಆಫ್ ಮಾಡಿದೆ. ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಹಾಲು ತರೋಕೆ ಕೆಳಗಿಳಿದರೆ ಮೆಟ್ಟಿಲ ಹತ್ತಿರ ಗೋಣಿಚೀಲದ ಮೇಲೆ ಕರಿಯ ಸುರುಟಿಕೊಂಡು ಮಲಗಿದ್ದ.