ಡಿಗ್ರಿ ಮುಗಿದ ಖುಷಿಗೆ ಹೋಟೆಲ್ಲಾ, ಬೆಟ್ಟನಾ, ಮನೆ ಊಟನಾ?

ನಾನು, ನನ್ನ ತಮ್ಮ, ಮಂಡ್ಯ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕಪ್ಪನ ಮಗಳು ಹಿಂದೆ ಮುಂದೆ ಡಿಗ್ರಿ ಮುಗಿಸಿದ್ದರಿಂದ ಎಲ್ಲಾ ತರಹದ ಸಂಭ್ರಮದಲ್ಲೂ ಪಾಲು ಸಿಕ್ಕಿದೆ. ನಾನು ಮುಖ್ಯವಾಗಿ ನೋಡುವುದು ಒಂದೇ. ದುಡ್ಡಿಲ್ಲ ಅಂತ ಯಾರೂ ಹಿಂದೆ ಉಳಿಯಬಾರದು.

ನಮ್ಮ ಬ್ಯಾಚಿನದು ಹೋಟೆಲ್ ಬಫೆ, ತಲೆಗೆ 700 ರೂಪಾಯಿ. ಊಟ ಚೆನ್ನಾಗಿತ್ತು, ಫೋಟೋಗಳೂ ಚೆನ್ನಾಗಿ ಬಂದವು. ಆದರೆ ಐಸ್‌ಕ್ರೀಂ ಮುಗಿಯುವ ಮೊದಲೇ ಬಿಲ್ ಬಂತು, ಮುಂದಿನ ಬುಕಿಂಗಿನವರು ಬಾಗಿಲಲ್ಲೇ ನಿಂತಿದ್ದರು. ಹುಷಾರಿಲ್ಲ ಅಂತ ಮೆಸೇಜ್ ಹಾಕಿ ಬರದೇ ಉಳಿದ ಗೆಳತಿಗೆ ನಿಜಕ್ಕೂ ಆಗಿದ್ದು ದುಡ್ಡಿನ ತಾಪತ್ರಯ ಅಂತ ಆಮೇಲೆ ಗೊತ್ತಾಗಿ ತುಂಬಾ ಬೇಜಾರಾಯಿತು.

ತಮ್ಮನ ಗುಂಪು ಚಾಮುಂಡಿ ಬೆಟ್ಟ ಹತ್ತಿತು, ಅದೂ ಮೆಟ್ಟಿಲ ಮೇಲೆ. ನಾನೂ ಹೋಗಿದ್ದೆ. ಸಾವಿರ ಮೆಟ್ಟಿಲು, ಬಿಸಿಲೇರುವ ಮೊದಲೇ ಶುರು ಮಾಡಬೇಕು. ಶುರುವಿನಲ್ಲೇ ಏದುಸಿರು ಬರುತ್ತದೆ, ಪರವಾಗಿಲ್ಲ, ಅಲ್ಲಲ್ಲಿ ಕೂತು ಹರಟೆ ಹೊಡೆಯಬಹುದು, ಯಾರೂ ಎದ್ದೇಳಿ ಅನ್ನುವುದಿಲ್ಲ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿಯ ಮುಂದೆ ಗ್ರೂಪ್ ಫೋಟೋ ತೆಗೆದರು. ಮೇಲಿಂದ ರೇಸ್‌ಕೋರ್ಸ್, ಲಲಿತಮಹಲ್ ಎಲ್ಲಾ ಕಾಣುತ್ತವೆ. ನಮ್ಮ ಕಾಲೇಜು ಎಲ್ಲಿದೆ ಅಂತ ಹುಡುಗರು ಕೈ ತೋರಿಸಿ ಜಗಳವಾಡಿದ್ದೇ ಆಡಿದ್ದು! ಇಳಿಯುವಾಗ ಸಿಟಿ ಬಸ್ ಹತ್ತಿದೆವು, ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಲ್ಲಿ ನಮ್ಮಂಥ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆಮೇಲೆ ನಜರಬಾದಿನಲ್ಲಿ ಬೆಣ್ಣೆ ಹಾಕಿದ ಮೆತ್ತನೆ ಮೈಲಾರಿ ದೋಸೆ. ಎಲ್ಲಾ ಸೇರಿ ತಲೆಗೆ 200 ರೂಪಾಯಿ ದಾಟಲಿಲ್ಲ. ಗೆಳೆಯರ ಜೊತೆಗಾದರೆ ನನ್ನ ವೋಟು ಇದಕ್ಕೇ.

ಮೇಲುಕೋಟೆಯೂ ಚೆನ್ನಾಗಿದೆ. ಮೈಸೂರಿಂದ ಸುಮಾರು 50 ಕಿ.ಮೀ., ಮಂಡ್ಯದವರಿಗೆ ಇನ್ನೂ ಹತ್ತಿರ. ಪುಳಿಯೋಗರೆ ತಿಂದು ಕಲ್ಯಾಣಿ ಹತ್ತಿರ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಆದರೆ ಇಡೀ ದಿನ ಬೇಕು, ವಾಪಸ್ ಬಸ್ಸಿಗೂ ಕಾಯಬೇಕು. ಕಾವೇರಿ ಹೊಳೆಯ ಬಲಮುರಿಗೆ ಹೋಗಿ ನೀರಾಟ ಆಡೋಣ ಅನ್ನುವವರಿಗೆ ಮಾತ್ರ ದಯವಿಟ್ಟು ಬೇಡ ಅನ್ನುತ್ತೇನೆ. ಬಂಡೆ ಜಾರುತ್ತದೆ, ಸೆಳೆತ ಮೇಲಿಂದ ಕಾಣುವುದಿಲ್ಲ, ಅಲ್ಲಿ ಮುಳುಗಿ ಜೀವ ಕಳೆದುಕೊಂಡ ಹುಡುಗರಿದ್ದಾರೆ.

ಇನ್ನು ಮನೆ ಊಟ. ತಂಗಿ ಪಾಸಾದಾಗ ಚಿಕ್ಕಮ್ಮ ಒಬ್ಬಟ್ಟು ಮಾಡಿದರು, ಜೊತೆಗೆ ಒಬ್ಬಟ್ಟಿನ ಸಾರು, ಹಪ್ಪಳ. ಅವಳ ಗೆಳತಿಯರು, ಅಕ್ಕಪಕ್ಕದವರು ಎಲ್ಲಾ ಬಂದರು. ಕಬ್ಬಿನ ದುಡ್ಡಲ್ಲಿ ಫೀಸ್ ಕಟ್ಟಿದ ಚಿಕ್ಕಪ್ಪ ಪಂಚೆಗೆ ಕೈ ಒರೆಸಿಕೊಂಡು ಮಾರ್ಕ್ಸ್ ಕಾರ್ಡ್ ಹಿಡಿದು, ಒಂದೊಂದು ಸೆಮಿಸ್ಟರಿನದನ್ನೂ ಅವಳಿಂದಲೇ ಓದಿಸಿದರು. ಬಫೆಗೆ ಅಪ್ಪ ಅಮ್ಮನನ್ನು ಯಾರೂ ಕರೆಯುವುದಿಲ್ಲ, ಅಲ್ವಾ? ಅವರೂ ಬೇಕು ಅಂದರೆ ಇದನ್ನು ಮೀರಿಸುವುದು ಯಾವುದೂ ಇಲ್ಲ. ಒಂದೇ ತೊಂದರೆ, ಕೆಲಸವೆಲ್ಲಾ ಅಮ್ಮಂದಿರ ತಲೆ ಮೇಲೆ ಬೀಳುತ್ತದೆ. ಅದಕ್ಕೇ ಸಾಮಾನು ಹಿಂದಿನ ದಿನವೇ ತಂದಿಡಿ, ಕಾಯಿ ತುರಿಯೋಕೆ, ಒಬ್ಬಟ್ಟು ತಟ್ಟೋಕೆ ಪಾಸಾದವರೇ ಗೆಳೆಯರನ್ನು ಕರೆದುಕೊಂಡು ಬೆಳಗ್ಗೆ ಬೇಗ ಅಡುಗೆಮನೆಗೆ ಬರಲಿ, ಹುಡುಗರೂ ಸೇರಿ.